ಶಾಬಾಸ್ ಎಂಬ ಮಾತು ಕುದುರೆಗೆ ತಲುಪುವುದು ಯಾವಾಗ?

ಉಳುಮೆ ಬಲ್ಲ ರೈತನನ್ನು ಗುರುತಿಸಬೇಕಾದರೆ ಅವನು ನೇಗಿಲು ಹಿಡಿಯುವ ಬಗೆಯನ್ನಷ್ಟೇ ನೋಡಿದರೆ ಸಾಲದು. ಸಾಲು ಮುಗಿದು ಎತ್ತುಗಳು ಹೊರಳಿ ನಿಂತಾಗ ಅವನು ಏನು ಮಾಡುತ್ತಾನೆ ಎಂಬುದನ್ನೂ ನೋಡಬೇಕು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲೂಕಿನ ತೇರಗಾಂವದಂಥ ಊರುಗಳ ಹೊಲಗಳಲ್ಲಿ ಈಗ ಟ್ರ್ಯಾಕ್ಟರಿನ ಸದ್ದು ಹೆಚ್ಚಾಗಿದೆ. ಆದರೂ ಜೋಡಿ ಎತ್ತು ಕಟ್ಟಿ ಬೇಸಾಯ ಮಾಡುವವರು ಈ ಸೀಮೆಯಲ್ಲಿ ಪೂರ್ತಿ ಮರೆಯಾಗಿಲ್ಲ. ಎಳೆಯ ಹೋರಿಯನ್ನು ಮೊದಲ ಸಲ ನೊಗಕ್ಕೆ ಹೂಡುವಾಗ ಅದರ ಜೊತೆಗೆ ಪಳಗಿದ ಎತ್ತೊಂದನ್ನು ಕಟ್ಟುವುದು ವಾಡಿಕೆ. ಹೋರಿ ಅಡ್ಡಾದಿಡ್ಡಿ ಎಳೆಯುತ್ತದೆ, ನಿಲ್ಲುತ್ತದೆ, ಕೊಸರುತ್ತದೆ. ಕೊನೆಗೊಮ್ಮೆ ಜೊತೆಗಾರನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಾಲ್ಕು ಮಾರು ನೆಟ್ಟಗೆ ನಡೆಯುತ್ತದೆ. ಆಗ ಒಬ್ಬ ರೈತ ಇನ್ನಷ್ಟು ನಡೆಯಲೆಂದು ಬಾರುಕೋಲು ಬೀಸುತ್ತಾನೆ. ಇನ್ನೊಬ್ಬ ಹಗ್ಗ ಸಡಿಲಿಸಿ, ‘ಶಾಬಾಸ್ ಮಗನಾ’ ಎಂದು ಗಂಗೆದೊಗಲನ್ನು ತುರಿಸಿ, ಅರೆಗಳಿಗೆ ನಿಲ್ಲಲು ಬಿಡುತ್ತಾನೆ.

ಹೋರಿ ಕಲಿಯುವುದು ಈ ಎರಡನೆಯವನ ಕೈಯಲ್ಲಿ ಬೇಗ. ಇದು ಹಳ್ಳಿಗರ ಅನುಭವ. ಆದರೆ ಹೋರಿ ಕಲಿತದ್ದು ಶಾಬಾಸ್ ಎಂಬ ಮಾತಿನಿಂದಲೋ, ಕೊರಳು ತುರಿಸಿದ್ದರಿಂದಲೋ, ಹಗ್ಗ ಸಡಿಲಾದದ್ದರಿಂದಲೋ? ಈ ಸಣ್ಣ ಪ್ರಶ್ನೆಯನ್ನು ಜಗತ್ತಿನಲ್ಲಿ ಬಹಳ ಹಿಂದಿನಿಂದ, ಬಹಳ ಗಂಭೀರವಾಗಿ ಕೇಳಿಕೊಂಡು ಬಂದವರು ಕುದುರೆ ಪಳಗಿಸುವವರು. ಎತ್ತು ಹಟ ಮಾಡಿದರೆ ಒಂದು ಹೊತ್ತಿನ ಕೆಲಸ ಕೆಡುತ್ತದೆ. ಕುದುರೆ ಬೆದರಿದರೆ ಸವಾರನ ಕತ್ತೇ ಮುರಿಯಬಹುದು. ಆದ್ದರಿಂದ ಮೆಚ್ಚುಗೆಯ ಬೆಲೆಯನ್ನು ತಿಳಿಯಲು ಕುದುರೆಯ ಲಾಯಕ್ಕೇ ಹೋಗಬೇಕು.

ಬಾಲಕ್ಕೂ ಬೆಲೆ ಇದ್ದ ಕಾಲ

ಕುದುರೆ ಹಳಿಯಾಳ ಸೀಮೆಯ ಕೊಟ್ಟಿಗೆಯ ಪ್ರಾಣಿಯಲ್ಲ. ಆದರೆ ಇದೇ ಉತ್ತರ ಕನ್ನಡ ಜಿಲ್ಲೆಯ ಕರಾವಳಿ ಒಂದು ಕಾಲಕ್ಕೆ ದಕ್ಷಿಣ ಭಾರತಕ್ಕೆ ಕುದುರೆ ಬರುತ್ತಿದ್ದ ಹೆಬ್ಬಾಗಿಲಾಗಿತ್ತು. ಅರಬ್ಬೀ ದೇಶದಿಂದಲೂ ಪರ್ಷಿಯಾದ ಹೊರ್ಮುಜ್‌ನಿಂದಲೂ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಹೊನ್ನಾವರಗಳಲ್ಲಿ ಇಳಿದು, ಘಟ್ಟ ಹತ್ತಿ, ವಿಜಯನಗರ ಸೇರುತ್ತಿದ್ದವು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಈ ವ್ಯಾಪಾರದ ಕೀಲಿಕೈ ಅವರ ಪಾಲಾಯಿತು.

ಸಾಳುವ ನರಸಿಂಹನ ಕಾಲದ ಒಂದು ಸಂಗತಿಯನ್ನು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಹಡಗಿನಲ್ಲಿಯೇ ಸತ್ತ ಕುದುರೆಗಳಿಗೂ ಅರಸ ಹಣ ಕೊಡುತ್ತಿದ್ದನಂತೆ. ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕಿತ್ತು. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದೂ ಅವನೇ ಹೇಳುತ್ತಾನೆ. ಇಷ್ಟೊಂದು ಕುದುರೆ ಏಕೆ ಬೇಕಾಗುತ್ತಿತ್ತು? ಯುದ್ಧದಲ್ಲಿ ಸಾಯುತ್ತಿದ್ದವು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರವನ್ನು 13ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತ ಕಂಡ ಮಾರ್ಕೊ ಪೋಲೊ ಕೊಟ್ಟಿದ್ದಾನೆ. ತಮಿಳುನಾಡಿನ ಪೂರ್ವ ಕರಾವಳಿಯ ಅರಸರು ಪ್ರತಿವರ್ಷ ಸಾವಿರಾರು ಕುದುರೆ ತರಿಸುತ್ತಾರೆ, ಸರಿಯಾಗಿ ನೋಡಿಕೊಳ್ಳಲು ಬಾರದೆ ಅವುಗಳಲ್ಲಿ ಹೆಚ್ಚಿನವು ಸಾಯುತ್ತವೆ ಎಂದು ಅವನು ಬರೆದ. ದುಬಾರಿ ಬೆಲೆ ತೆತ್ತವರೆಲ್ಲ ಕುದುರೆಯನ್ನು ಅರಿತವರಾಗಿರಲಿಲ್ಲ ಎಂದಾಯಿತು. ಬೆಲೆ ಕೊಡುವುದು ಬೇರೆ, ಬೆಲೆ ತಿಳಿಯುವುದು ಬೇರೆ.

ಓಡಿ ಬದುಕಿದ ಪ್ರಾಣಿ

ಕುದುರೆಯನ್ನು ಅರಿಯಬೇಕಾದರೆ ಒಂದು ಮಾತನ್ನು ಮೊದಲು ನೆನಪಿಡಬೇಕು. ಅದು ಬೇಟೆಯಾಡುವ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಬಯಲಿನಲ್ಲಿ ಮೇಯುತ್ತ, ತೋಳ ಚಿರತೆಗಳ ಸುಳಿವು ಸಿಕ್ಕೊಡನೆ ಓಡಿ ಬದುಕಿದ ವಂಶ ಅದರದು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಿವಿಗಳು ಒಂದೊಂದೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಅನುಮಾನ ಬಂದರೆ ಅದು ಮೊದಲು ಓಡುತ್ತದೆ, ವಿಚಾರವೆಲ್ಲ ಆಮೇಲೆ. ಇಂಥ ಪ್ರಾಣಿಯ ಬೆನ್ನ ಮೇಲೆ, ಅಂದರೆ ಚಿರತೆ ಎರಗುವ ಜಾಗದಲ್ಲಿಯೇ, ಮನುಷ್ಯನೊಬ್ಬ ಹತ್ತಿ ಕುಳಿತುಕೊಳ್ಳುತ್ತಾನೆ. ಕುದುರೆ ಅದಕ್ಕೆ ಒಪ್ಪಿಕೊಳ್ಳುತ್ತದೆ ಎಂಬುದೇ ಒಂದು ಅಚ್ಚರಿ.

ಒಪ್ಪಿಸುವುದಕ್ಕೆ ಎರಡು ದಾರಿಗಳಿವೆ. ನಮ್ಮ ಭಾಷೆಯಲ್ಲೇ ಎರಡಕ್ಕೂ ಬೇರೆ ಬೇರೆ ಮಾತುಗಳಿವೆ. ಒಂದು ‘ಸೊಕ್ಕು ಮುರಿಯುವುದು’, ಇನ್ನೊಂದು ‘ಪಳಗಿಸುವುದು’. ಸೊಕ್ಕು ಮುರಿಯುವವನು ಕಟ್ಟಿಹಾಕಿ, ಹೊಡೆದು, ಸುಸ್ತಾಗಿಸಿ, ಕುದುರೆ ಕೈಚೆಲ್ಲುವವರೆಗೂ ಬಿಡುವುದಿಲ್ಲ. ಅಂಥ ಕುದುರೆ ಕೊನೆಗೆ ಸುಮ್ಮನಾಗುತ್ತದೆ, ನಿಜ. ಆದರೆ ಅದು ಕಲಿತು ಸುಮ್ಮನಾದದ್ದಲ್ಲ, ಸೋತು ಸುಮ್ಮನಾದದ್ದು. ಏನು ಮಾಡಿದರೂ ನೋವು ತಪ್ಪದು ಎಂದು ತಿಳಿದ ಪ್ರಾಣಿ ಏನನ್ನೂ ಮಾಡದೆ ನಿಲ್ಲುತ್ತದೆ. ನೋಡುವವರಿಗೆ ಅದು ಸಾಧುವಾಗಿ ಕಾಣುತ್ತದೆ. ಆದರೆ ಒಳಗೆ ಭಯ ಹಾಗೆಯೇ ಇರುವುದರಿಂದ, ಎಂದೋ ಒಂದು ದಿನ ಸಣ್ಣ ಕಾರಣಕ್ಕೆ ಸಿಡಿದೇಳಬಹುದು.

ಪಳಗಿಸುವವನ ಕೆಲಸ ಬೇರೆ. ಅವನು ಪ್ರಶ್ನೆ ಕೇಳುತ್ತಾನೆ, ಕುದುರೆಯ ಉತ್ತರಕ್ಕೆ ಕಾಯುತ್ತಾನೆ, ಉತ್ತರ ಸರಿಯಾದ ಕ್ಷಣದಲ್ಲೇ ‘ಇದೇ ಸರಿ’ ಎಂದು ತಿಳಿಸುತ್ತಾನೆ. ಲಗಾಮನ್ನು ಎಡಕ್ಕೆ ತುಸು ಎಳೆಯುವುದು ಒಂದು ಪ್ರಶ್ನೆ. ಕುದುರೆ ತಲೆ ಎತ್ತಿದರೆ, ಹಿಂಜರಿದರೆ, ಬಲಕ್ಕೆ ಸರಿದರೆ ಎಳೆತ ಹಾಗೆಯೇ ಉಳಿಯುತ್ತದೆ. ಎಡಕ್ಕೆ ತಿರುಗಿದೊಡನೆ ಸಡಿಲಾಗುತ್ತದೆ. ಬಾಯಲ್ಲಿನ ಕಬ್ಬಿಣದ ಒತ್ತಡ ತಪ್ಪಿದ್ದೇ ಕುದುರೆಗೆ ಸಿಕ್ಕ ಮೊದಲ ಮೆಚ್ಚುಗೆ. ಸವಾರಿಯ ಕಲಿಕೆಯ ಬಹುಪಾಲು ನಿಂತಿರುವುದು ಈ ಒತ್ತಡ ಮತ್ತು ಬಿಡುಗಡೆಯ ಮೇಲೆ.

ಇಲ್ಲಿ ಹೊತ್ತಿನ ಲೆಕ್ಕ ಬಹಳ ಸೂಕ್ಷ್ಮ. ಕುದುರೆ ತಿರುಗಿದ ಮೇಲೂ ಲಗಾಮು ಬಿಗಿಯಾಗಿಯೇ ಇದ್ದು, ಅದು ಬೇಸತ್ತು ತಲೆ ಕೊಡವಿದಾಗ ಸಡಿಲಾಯಿತೆನ್ನಿ. ಆಗ ಕುದುರೆ ಕಲಿಯುವ ಪಾಠ ತಲೆ ಕೊಡವುವುದೇ ಹೊರತು ತಿರುಗುವುದಲ್ಲ. ಸವಾರ ಕಲಿಸಬೇಕೆಂದುಕೊಂಡದ್ದು ಒಂದು, ಕಲಿಸಿದ್ದು ಇನ್ನೊಂದು. ಕುದುರೆ ಹಟಮಾರಿ ಎಂದು ದೂರುವವರಲ್ಲಿ ಅನೇಕರು ತಮಗೆ ತಿಳಿಯದಂತೆ ತಾವೇ ಆ ಹಟವನ್ನು ಮೆಚ್ಚಿ ಬೆಳೆಸಿದವರಾಗಿರುತ್ತಾರೆ. ಸಂಜೆ ಲಾಯಕ್ಕೆ ಬಂದ ಮೇಲೆ ಬೆಲ್ಲ ತಿನ್ನಿಸಿ ‘ಬೆಳಿಗ್ಗೆ ಚೆನ್ನಾಗಿ ಓಡಿದೆ’ ಎಂದರೆ ಕುದುರೆಗೆ ಬೆಲ್ಲದ ರುಚಿಯಷ್ಟೇ ಸಿಗುತ್ತದೆ. ಬೆಳಗಿನ ಓಟಕ್ಕೂ ಬೆಲ್ಲಕ್ಕೂ ನಂಟು ಹೊಸೆಯಲು ಅದಕ್ಕೆ ಬಾರದು.

ಹಿತವಾದ ಪರಿಣಾಮ ತಂದ ನಡತೆ ಮರುಕಳಿಸುತ್ತದೆ, ಅಹಿತ ತಂದದ್ದು ಕ್ಷೀಣಿಸುತ್ತದೆ ಎಂಬ ನಿಯಮವನ್ನು ಪ್ರಯೋಗಗಳಿಂದ ಕಂಡುಕೊಂಡವನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್. ಪೆಟ್ಟಿಗೆಯೊಳಗೆ ಕೂಡಿದ ಬೆಕ್ಕುಗಳು ಬಾಗಿಲ ಅಗುಳಿಯನ್ನು ತೆರೆದುಕೊಳ್ಳಲು ಹೇಗೆ ಕಲಿಯುತ್ತವೆ ಎಂಬ ಅವನ ಅಧ್ಯಯನ ಪ್ರಕಟವಾದದ್ದು 1898ರಲ್ಲಿ. ಪಳಗಿದ ರಾವುತರ ಕೈಬೆರಳುಗಳು ಈ ನಿಯಮವನ್ನು ಅದಕ್ಕೆ ಎಷ್ಟೋ ಮೊದಲೇ ಬಲ್ಲವಾಗಿದ್ದವು.

ತಟ್ಟುವುದೋ, ತುರಿಸುವುದೋ?

ಹಾಗಾದರೆ ಲಗಾಮು ಸಡಿಲಿಸುವುದನ್ನು ಬಿಟ್ಟು, ನಾವು ಸಾಮಾನ್ಯವಾಗಿ ಮೆಚ್ಚುಗೆ ಎನ್ನುವ ಮಾತು, ಸ್ಪರ್ಶ, ತಿನಿಸುಗಳ ಗತಿ ಏನು? ಪಂದ್ಯ ಗೆದ್ದ ಸವಾರ ಕುದುರೆಯ ಕತ್ತನ್ನು ಪಟಪಟನೆ ತಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಅದು ಮನುಷ್ಯರ ರೂಢಿ. ಗೆಳೆಯನ ಬೆನ್ನು ತಟ್ಟುವ ಕೈಯೇ ಕುದುರೆಯ ಕತ್ತನ್ನೂ ತಟ್ಟುತ್ತದೆ. ಆದರೆ ಕುದುರೆಗಳು ಒಂದನ್ನೊಂದು ತಟ್ಟುವುದಿಲ್ಲ. ಸ್ನೇಹವಿರುವ ಎರಡು ಕುದುರೆಗಳು ಎದುರುಬದುರಾಗಿ ನಿಂತು, ಕತ್ತಿನ ಬುಡದಲ್ಲಿ ಹೆಗಲು ಎತ್ತರವಾಗಿರುವ ಜಾಗವನ್ನು ಹಲ್ಲಿನಿಂದ ಮೆಲ್ಲಗೆ ಕೆರೆದುಕೊಳ್ಳುತ್ತವೆ.

1993ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ ಸಂಶೋಧಕರು ಇದೇ ಜಾಗವನ್ನು ಕೈಯಿಂದ ತುರಿಸಿ ನೋಡಿದರು. ಕುದುರೆಯ ಎದೆಬಡಿತ ಇಳಿಯಿತು. ಮೈಯ ಬೇರೊಂದು ಕಡೆ ತುರಿಸಿದಾಗ ಹಾಗಾಗಲಿಲ್ಲ. ಅಂದರೆ ಕುದುರೆಯ ಮೈಯಲ್ಲಿ ನೆಮ್ಮದಿಯ ಒಂದು ತಾಣವಿದೆ, ಮನುಷ್ಯನ ಬೆರಳು ಅದನ್ನು ಮುಟ್ಟಬಲ್ಲುದು.

ಆದರೆ ನೆಮ್ಮದಿ ಕೊಡುವುದೆಲ್ಲ ಪಾಠ ಕಲಿಸಲೂ ಸಾಕಾಗುತ್ತದೆಯೇ? ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಳೆಯ ಕುದುರೆಗಳಿಗೆ ಹೇಳಿದೊಡನೆ ಅಲುಗಾಡದೆ ನಿಲ್ಲುವುದನ್ನು ಕಲಿಸಲಾಯಿತು. ಕೆಲವಕ್ಕೆ ಬಹುಮಾನವಾಗಿ ತಿನಿಸು, ಕೆಲವಕ್ಕೆ ಹೆಗಲು ತುರಿಸುವುದು. ತಿನಿಸು ಪಡೆದವು ಚೆನ್ನಾಗಿ ಕಲಿತವು, ಕಲಿಸಿದವರ ಬಳಿಗೆ ತಾವಾಗಿಯೇ ಬರತೊಡಗಿದವು. ತುರಿಸಿಕೊಂಡವುಗಳಲ್ಲಿ ಅಂಥ ಫಲ ಕಾಣಲಿಲ್ಲ. ತಿನಿಸಿನ ಬಹುಮಾನದಿಂದ ಕಲಿತ ಕುದುರೆಗಳು ತಿಂಗಳುಗಳು ಕಳೆದ ಮೇಲೂ ಪಾಠವನ್ನು ಮರೆತಿರಲಿಲ್ಲ, ಮನುಷ್ಯರ ಮೇಲಿನ ವಿಶ್ವಾಸವನ್ನೂ ಉಳಿಸಿಕೊಂಡಿದ್ದವು ಎಂದು ಅದೇ ತಂಡದ ಇನ್ನೊಂದು ಅಧ್ಯಯನ ತೋರಿಸಿತು.

ಮಾತಿನ ವಿಷಯ ಇನ್ನೂ ಕುತೂಹಲಕರ. ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಕುದುರೆಗಳನ್ನು ನಡೆಸುವ ಒಂದು ಪ್ರಯೋಗ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾಯಿತು. ಕುದುರೆ ಹೆಜ್ಜೆ ಮುಂದಿಟ್ಟೊಡನೆ ಹಗ್ಗದ ಒತ್ತಡವನ್ನು ಸಡಿಲಿಸಲಾಗುತ್ತಿತ್ತು. ಕೆಲವಕ್ಕೆ ಮೃದುವಾಗಿ ಮೆಚ್ಚುಗೆಯ ಮಾತು, ಕೆಲವಕ್ಕೆ ಗದರಿಕೆಯ ದನಿ. ಕಲಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕುದುರೆಯೊಡನೆ ಮಾತಾಡುವವರಿಗೆ ಇದು ನಿರಾಸೆಯ ಸುದ್ದಿ.

ಹಾಗೆಂದು ಶಾಬಾಸ್ ಎಂಬ ಮಾತು ವ್ಯರ್ಥವಲ್ಲ. ಅದನ್ನು ರೂಪಾಯಿ ನೋಟಿಗೆ ಹೋಲಿಸಬಹುದು. ನೋಟಿನ ಕಾಗದಕ್ಕೆ ತನ್ನದೇ ಆದ ಬೆಲೆ ಇಲ್ಲ, ಅದನ್ನು ಕೊಟ್ಟರೆ ಅಕ್ಕಿ ಸಿಗುತ್ತದೆ ಎಂಬ ನಂಬಿಕೆಯೇ ಅದರ ಬೆಲೆ. ಹಾಗೆಯೇ ಶಾಬಾಸ್ ಎಂದ ಪ್ರತಿಸಲವೂ ಲಗಾಮು ಸಡಿಲಾಗುತ್ತಿದ್ದರೆ, ಹಿಡಿ ಹುರುಳಿಯೋ ಚೂರು ಬೆಲ್ಲವೋ ಬಾಯಿಗೆ ಬೀಳುತ್ತಿದ್ದರೆ, ಕ್ರಮೇಣ ಆ ಮಾತೇ ಬಹುಮಾನದ ಮುಂಗಡವಾಗುತ್ತದೆ. ಸವಾರ ಬೆನ್ನ ಮೇಲಿರುವಾಗ ಬೆಲ್ಲ ಕೊಡಲಾಗುವುದಿಲ್ಲ, ಆದರೆ ಮಾತು ಆ ಕ್ಷಣದಲ್ಲೇ ತಲುಪುತ್ತದೆ. ಅದೇ ಬಾಯಿ ಶಾಬಾಸ್ ಎನ್ನುತ್ತಿರುವಾಗ ಹಿಮ್ಮಡಿ ಹೊಟ್ಟೆಗೆ ಒದೆಯುತ್ತಿದ್ದರೆ ನೋಟು ಖೋಟಾ ಆಗುತ್ತದೆ. ತಿನಿಸಿಗೂ ಶಿಸ್ತು ಬೇಕು. ಕಾರಣವಿಲ್ಲದೆ ಕೊಟ್ಟರೆ ಕುದುರೆ ಜೇಬಿಗೆ ಮೂತಿ ಹಾಕುವುದನ್ನೂ ಕೈ ಕಚ್ಚುವುದನ್ನೂ ಕಲಿಯುತ್ತದೆ.

ಮನಸ್ಸನ್ನು ಓದಿದ ಹಾನ್ಸ್

ಸುಳ್ಳು ಮೆಚ್ಚುಗೆ ಕುದುರೆಯ ಮುಂದೆ ಏಕೆ ನಡೆಯುವುದಿಲ್ಲ ಎಂಬುದಕ್ಕೆ ಬರ್ಲಿನ್ನಿನ ಒಂದು ಪ್ರಸಿದ್ಧ ಪ್ರಕರಣ ಸಾಕ್ಷಿ. 20ನೆಯ ಶತಮಾನದ ಆರಂಭದಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮೇಷ್ಟ್ರು ಹಾನ್ಸ್ ಎಂಬ ತನ್ನ ಕುದುರೆಗೆ ಲೆಕ್ಕ ಕಲಿಸಿದ್ದೇನೆಂದು ಸಾರಿದ. ಹೊಡೆತದಿಂದ ಕಲಿಸಿದ್ದಲ್ಲ, ಸರಿಯುತ್ತರಕ್ಕೆ ಬ್ರೆಡ್ಡು, ಗಜ್ಜರಿ ಕೊಟ್ಟು ಕಲಿಸಿದ್ದು. ಮೂರಕ್ಕೆ ನಾಲ್ಕು ಕೂಡಿಸಿದರೆ ಎಷ್ಟು ಎಂದರೆ ಹಾನ್ಸ್ ಏಳು ಸಲ ಗೊರಸು ಕುಟ್ಟುತ್ತಿತ್ತು. 1904ರಲ್ಲಿ ತನಿಖೆಗೆ ಸಮಿತಿಯೇ ಕುಳಿತಿತು, ಮೋಸ ಕಾಣಲಿಲ್ಲ. ನಂತರ ಓಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಗುಟ್ಟನ್ನು ಬಿಡಿಸಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ! ಸರಿಯಾದ ಎಣಿಕೆ ಬಂದೊಡನೆ ಕೇಳುವವನ ತಲೆ ಅವನಿಗೇ ತಿಳಿಯದಂತೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಹಾನ್ಸ್ ಓದುತ್ತಿದ್ದದ್ದು ಆ ಅಲುಗಾಟವನ್ನು.

ಹಾನ್ಸ್ ಲೆಕ್ಕದಲ್ಲಿ ಜಾಣನಲ್ಲದಿರಬಹುದು, ಮನುಷ್ಯನನ್ನು ಓದುವುದರಲ್ಲಿ ಪಂಡಿತನೇ ಆಗಿತ್ತು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟಿನ ಮುಖದ ಛಾಯಾಚಿತ್ರವನ್ನು ಕಂಡಾಗಲೂ ಕುದುರೆಗಳ ಎದೆಬಡಿತ ಬೇಗನೆ ಏರಿತು. ಇಂಥ ಪ್ರಾಣಿಯ ಮುಂದೆ ಹಲ್ಲು ಕಚ್ಚಿಕೊಂಡು ‘ಶಾಬಾಸ್’ ಎಂದರೆ ಅದಕ್ಕೆ ಕಾಣುವುದು ಕಚ್ಚಿದ ಹಲ್ಲು. ಸವಾರ ನಿಜವಾಗಿಯೂ ಮೆಚ್ಚಿದಾಗ ಅವನ ಉಸಿರು ಇಳಿಯುತ್ತದೆ, ಮೈ ಸಡಿಲಾಗುತ್ತದೆ, ಕೈ ಮೆತ್ತಗಾಗುತ್ತದೆ. ಕುದುರೆಗೆ ತಲುಪುವ ಮೆಚ್ಚುಗೆ ಇದು.

ಹಳೆಯ ಗ್ರಂಥಗಳ ವಿವೇಕ

ಈ ತಿಳಿವಳಿಕೆ ನಿನ್ನೆ ಮೊನ್ನೆಯದಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸಿನ ಸೇನಾನಿ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಒಂದು ಪುಟ್ಟ ಗ್ರಂಥವನ್ನು ಬರೆದ. ಸಿಟ್ಟಿನಲ್ಲಿ ಕುದುರೆಯ ಬಳಿ ಹೋಗಲೇಬಾರದು ಎಂಬುದು ಅವನ ಮೊದಲ ಉಪದೇಶ. ಹೇಳಿದಂತೆ ಮಾಡಿದಾಗ ಅದಕ್ಕೆ ಸುಖವೋ ವಿಶ್ರಾಂತಿಯೋ ಸಿಗಬೇಕು. ಯಾವುದಕ್ಕಾದರೂ ಬೆದರಿದಾಗ ಹೊಡೆದರೆ ನೋವೂ ಆ ವಸ್ತುವಿನಿಂದಲೇ ಬಂತೆಂದು ತಿಳಿದು ಇನ್ನಷ್ಟು ಬೆದರುತ್ತದೆ ಎನ್ನುತ್ತಾನೆ. ಬಲವಂತದಿಂದ ಮಾಡಿಸಿದ್ದರಲ್ಲಿ ಅರಿವೂ ಇರುವುದಿಲ್ಲ, ಅಂದವೂ ಇರುವುದಿಲ್ಲ ಎಂಬುದು ಅವನ ನಿಲುವು. ಇಪ್ಪತ್ಮೂರು ಶತಮಾನಗಳ ನಂತರದ ಪ್ರಯೋಗಶಾಲೆಗಳು ಇದಕ್ಕೆ ವಿರುದ್ಧವಾಗಿ ಹೇಳಿದ್ದು ಕಡಿಮೆ.

ನಮ್ಮಲ್ಲಿ ಶಾಲಿಹೋತ್ರ, ನಕುಲರ ಹೆಸರಿನಲ್ಲಿ ಅಶ್ವಶಾಸ್ತ್ರದ ದೊಡ್ಡ ಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಅಂದರೆ 12ನೆಯ ಶತಮಾನದ ಕನ್ನಡ ನಾಡಿನ ಅರಮನೆಯೊಂದರಲ್ಲಿ ಹುಟ್ಟಿದ ಸಂಸ್ಕೃತ ವಿಶ್ವಕೋಶದಲ್ಲಿ, ಕುದುರೆಯ ಲಕ್ಷಣ, ಪಳಗಿಸುವಿಕೆ, ಸವಾರಿ, ಕುದುರೆಯೇರಿ ಆಡುವ ಚೆಂಡಾಟಗಳ ವಿವರಗಳಿವೆ. ಅಶ್ವಶಾಸ್ತ್ರದ ಪರಂಪರೆ ಚಾವಟಿಯನ್ನು ನಿಷೇಧಿಸಲಿಲ್ಲ. ಆದರೆ ಯಾವ ತಪ್ಪಿಗೆ, ಮೈಯ ಯಾವ ಭಾಗಕ್ಕೆ ಎಂಬ ಎಲ್ಲೆಗಳನ್ನು ಹಾಕಿತು. ತಪ್ಪಿಲ್ಲದೆ, ತಾಣವಲ್ಲದ ತಾಣದಲ್ಲಿ ಹೊಡೆದರೆ ಕುದುರೆ ಕೆಡುತ್ತದೆ ಎಂಬ ಅರಿವು ಅದರಲ್ಲಿದೆ. ಶಿಕ್ಷೆಗೆ ಎಲ್ಲೆ ಹಾಕಿದ ಮೇಲೆಯೇ ಮೆಚ್ಚುಗೆಗೆ ಜಾಗ ದೊರೆಯುತ್ತದೆ.

ತೋಪಿನ ಸದ್ದಿಗೆ ನಿಲ್ಲುವ ಕುದುರೆ

ಇಂಥ ಕಲಿಕೆಯ ಫಲವನ್ನು ಇಂದು ಕಣ್ಣಾರೆ ಕಾಣಬೇಕೆನ್ನುವವರು ದಸರೆಯ ಮುಂಚಿನ ವಾರಗಳಲ್ಲಿ ಮೈಸೂರಿಗೆ ಹೋಗಬೇಕು. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುವ ವಾಡಿಕೆ. ಆ ಸದ್ದಿಗೆ ಆನೆಗಳೂ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳೂ ಬೆದರದಂತೆ ಮೊದಲೇ ಹಲವು ಸಲ ತಾಲೀಮು ನಡೆಸುತ್ತಾರೆ. ಓಡಿ ಬದುಕುವ ಪ್ರಾಣಿಗೆ ‘ಓಡಬೇಡ’ ಎಂದು ಕಲಿಸುವ ಕಷ್ಟದ ಪಾಠ ಇದು.

ಈ ಪಾಠದ ತತ್ತ್ವ ಸರಳ. ಸದ್ದಿಗೂ ಪ್ರಾಣಿಗೂ ನಡುವೆ ಮೊದಲು ದೂರವಿರಬೇಕು. ಬೆಚ್ಚಿದರೂ ಓಡುವಷ್ಟು ಬೆದರಬಾರದು. ಸದ್ದು ಬಂತು, ಕೆಡುಕೇನೂ ಆಗಲಿಲ್ಲ ಎಂಬುದು ಮತ್ತೆ ಮತ್ತೆ ಅನುಭವಕ್ಕೆ ಬಂದಾಗ ಬೆಚ್ಚುವಿಕೆ ಇಳಿಯುತ್ತದೆ. ಆಮೇಲೆ ದೂರವನ್ನು ಕಡಿಮೆ ಮಾಡಬಹುದು. ಸದ್ದಿನ ನಡುವೆಯೂ ನಿಂತ ಕುದುರೆಯ ಹೆಗಲಿಗೆ ಆ ಕ್ಷಣದಲ್ಲಿ ಸವಾರನ ನಿರುಮ್ಮಳವಾದ ಕೈ ಸಿಗಬೇಕು. ಹಿಂದೆ ಸರಿದದ್ದಕ್ಕೆ ಹೊಡೆತ ಬಿದ್ದರೆ ತೋಪಿನ ಭಯಕ್ಕೆ ಚಾವಟಿಯ ಭಯವೂ ಕೂಡಿಕೊಳ್ಳುತ್ತದೆ. ಲಕ್ಷಾಂತರ ಜನರ ನಡುವೆ ಕುದುರೆಯೊಂದು ಶಾಂತವಾಗಿ ಹೆಜ್ಜೆ ಹಾಕುವುದರ ಹಿಂದೆ ಹೀಗೆ ಯಾರ ಕಣ್ಣಿಗೂ ಬೀಳದ ನೂರಾರು ಸಣ್ಣ ಮೆಚ್ಚುಗೆಗಳಿರುತ್ತವೆ.

ಮೆಚ್ಚುಗೆಯಿಂದ ಕೃತಜ್ಞತೆಗೆ

ಮೆಚ್ಚುಗೆ ಪ್ರಾಣಿಗೆ ಕೊಡುವ ತಿಳಿವಳಿಕೆ. ಕೃತಜ್ಞತೆ ಮನುಷ್ಯ ತನಗೆ ತಾನೇ ಹಾಕಿಕೊಳ್ಳುವ ಕಟ್ಟು. ಇವೆರಡರ ವ್ಯತ್ಯಾಸವನ್ನು ನಮ್ಮ ಹಬ್ಬಗಳು ಚೆನ್ನಾಗಿ ತೋರಿಸುತ್ತವೆ. ಸುಮಾರು 1520ರಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಡೊಮಿಂಗೊ ಪಾಯೆಸ್, ಸಿಂಗರಿಸಿದ ಕುದುರೆಗಳನ್ನು ಅರಸನ ಮುಂದೆ ಸಾಲಾಗಿ ನಿಲ್ಲಿಸಿದ್ದನ್ನೂ ಪುರೋಹಿತರು ತೆಂಗಿನಕಾಯಿ, ಹೂವು, ನೀರು ಹಿಡಿದು ಅವುಗಳನ್ನು ಸುತ್ತಿ ಬಂದು ಪೂಜಿಸಿದ್ದನ್ನೂ ವರ್ಣಿಸಿದ್ದಾನೆ. ಹಂಪಿಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯಲ್ಲಿ ಕುದುರೆಗಳ ಆ ಸಾಲು ಇಂದಿಗೂ ನಡೆಯುತ್ತಿದೆ. ಮೈಸೂರು ಅರಮನೆಯಲ್ಲಿ ಆಯುಧಪೂಜೆಯ ದಿನ ಪಟ್ಟದ ಕುದುರೆಗೆ ಪೂಜೆ ಸಲ್ಲುತ್ತದೆ. ಧಾರವಾಡ, ಹಳಿಯಾಳದ ಕಡೆ ಕಾರಹುಣ್ಣಿಮೆ ಬಂತೆಂದರೆ ಎತ್ತಿನ ಕೋಡಿಗೆ ಬಣ್ಣ, ಹಣೆಗೆ ಕುಂಕುಮ, ಬಾಯಿಗೆ ಹೋಳಿಗೆ.

ಕುದುರೆಗೆ ಮಂಗಳಾರತಿಯ ಅರ್ಥ ತಿಳಿಯದು, ಎತ್ತಿಗೆ ಬಣ್ಣದ ಸಂಭ್ರಮ ತಿಳಿಯದು. ಅಂದು ಹೆಗಲಿಗೆ ನೊಗವಿಲ್ಲ ಎಂಬುದು ಮಾತ್ರ ತಿಳಿಯುತ್ತದೆ. ಹಾಗಾದರೆ ಪೂಜೆ ಯಾರಿಗಾಗಿ? ಮನುಷ್ಯನಿಗಾಗಿ. ವರ್ಷಕ್ಕೊಮ್ಮೆ ಎತ್ತಿನ ಎದುರು ಬಗ್ಗಿದವನಿಗೆ ಅದರ ಹೆಗಲ ಹುಣ್ಣು ಕಣ್ಣಿಗೆ ಬೀಳುತ್ತದೆ. ಬಿದ್ದರೆ ಪೂಜೆ ಸಾರ್ಥಕ. ಹುಣ್ಣಿನ ಮೇಲೆಯೇ ಹೂಮಾಲೆ ಹಾಕಿ ಮರುದಿನ ನೊಗ ಹೇರಿದರೆ ಅದು ಬರಿಯ ಅಲಂಕಾರ.

ಪ್ರಾಣಿಯ ಋಣವನ್ನು ಕಲ್ಲಿನಲ್ಲಿ ಬರೆಸಿಟ್ಟ ನಾಡೂ ಇದೇ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಶಾಸನ ಕಾಳಿ ಎಂಬ ಬೇಟೆನಾಯಿಯ ನೆನಪಿನದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ಬಹುಮಾನವಾಗಿ ಬೇಡಿ ಪಡೆದದ್ದು ಈ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ಕಾಳಿಯೂ ಸತ್ತಾಗ ಅವನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜಿಸದೆ ಉಣ್ಣುವ ಅರ್ಚಕನಿಗೆ ಪಾಪ ತಟ್ಟುತ್ತದೆಂದೂ ಬರೆಸಿದ.

ಎಲ್ಲ ಪ್ರಾಣಿಗಳಿಗೂ ಇಂಥ ಒಡೆಯ ಸಿಗಲಿಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳದವರು. ಮಶಿನ್‌ಗನ್ನುಗಳ ಎದುರು ಕುದುರೆಯೇರಿ ನುಗ್ಗಿ ಗೆದ್ದ ಯುದ್ಧ ಅದು. ಅವರ ದಳದ ನೆನಪಿಗೆ 1922ರಲ್ಲಿ ದಿಲ್ಲಿಯಲ್ಲಿ ನಿಂತ ತೀನ್‌ಮೂರ್ತಿ ಸ್ಮಾರಕದಲ್ಲಿ ಹೈದರಾಬಾದ್, ಜೋಧಪುರ, ಮೈಸೂರುಗಳನ್ನು ಪ್ರತಿನಿಧಿಸುವ ಮೂವರು ಯೋಧರಿದ್ದಾರೆ. ಕುದುರೆಗಳಿಲ್ಲ.

ಅದೇ ರಣರಂಗದಲ್ಲಿ ದುಡಿದ ಬ್ರಿಟಿಷ್ ಸೇನೆಯ ಸಾವಿರಾರು ಕುದುರೆಗಳನ್ನು ಯುದ್ಧ ಮುಗಿದ ಮೇಲೆ ಊರಿಗೆ ಸಾಗಿಸುವ ಬದಲು ಅಲ್ಲಿಯೇ ಮಾರಲಾಯಿತು. 1930ರಲ್ಲಿ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬ ಇಂಗ್ಲಿಷ್ ಮಹಿಳೆ ಆ ಕುದುರೆಗಳನ್ನು ಹುಡುಕಿದರು. ಗಾಡಿಗಳಲ್ಲಿ, ಕಲ್ಲುಗಣಿಗಳಲ್ಲಿ ಮೂಳೆ ಚಕ್ಕಳವಾಗಿ ದುಡಿಯುತ್ತಿದ್ದವು. 1931ರಲ್ಲಿ ಪತ್ರಿಕೆಗೆ ಅವರು ಬರೆದ ಪತ್ರವನ್ನು ಓದಿ ಜನ ಹಣ ಕಳಿಸಿದರು. ಸುಮಾರು 5,000 ಕುದುರೆಗಳನ್ನು ಕೊಂಡು ಬಿಡಿಸಲಾಯಿತು. ಬಹುಪಾಲು ಕುದುರೆಗಳಿಗೆ ಕೊಡಲು ಉಳಿದಿದ್ದ ಕರುಣೆ ನೋವಿಲ್ಲದ ಸಾವೊಂದೇ. 1934ರಲ್ಲಿ ಕೈರೋದಲ್ಲಿ ಅವರು ತೆರೆದ ಆಸ್ಪತ್ರೆಯಿಂದ ಬೆಳೆದ ಸಂಸ್ಥೆ ಭಾರತದಲ್ಲಿಯೂ ದುಡಿಯುವ ಕುದುರೆ, ಕತ್ತೆಗಳ ನಡುವೆ ಕೆಲಸ ಮಾಡುತ್ತ ಬಂದಿದೆ. ಆ ಕುದುರೆಗಳಿಗೆ ಯುದ್ಧದಲ್ಲಿ ಸಿಕ್ಕಿದ್ದ ಶಾಬಾಸ್‌ಗಳು ಎಷ್ಟೋ. ಋಣ ತೀರಿಸುವ ಹೊತ್ತು ಬಂದಾಗ ಮಾತು ಕೊಟ್ಟವರು ಅಲ್ಲಿರಲಿಲ್ಲ.

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎನ್ನುತ್ತದೆ ಗಾದೆ. ನಮಗೆ ಉಪ್ಪಿಟ್ಟ ಪ್ರಾಣಿಗೂ ಇದು ಸಲ್ಲಬೇಕು, ಅದರ ಮುಪ್ಪಿನ ತನಕ. ಪ್ರಾಣಿಯನ್ನು ಹೊಡೆಯುವುದು, ಕೈಲಾಗದಷ್ಟು ದುಡಿಸುವುದು ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಹಾಕಿದ್ದು ಅತಿ ಕೆಳಗಿನ ಗೆರೆ. ಅದರ ಮೇಲೆ ನಿಲ್ಲಬೇಕಾದದ್ದು ಪಳಗಿಸುವವನ ಮನಸ್ಸು.

ಮೆಚ್ಚುಗೆಯ ಗುಟ್ಟು ಇಷ್ಟೇ ಎಂದು ಕಾಣುತ್ತದೆ. ಅದು ತಕ್ಕ ಕ್ಷಣದಲ್ಲಿ ಬರಬೇಕು, ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಮಾತಿನ ಹಿಂದೆ ಏನಾದರೂ ಇರಬೇಕು. ಮಕ್ಕಳಿಗೆ ಕಲಿಸುವವರೂ ಕೆಲಸಗಾರರಿಂದ ದುಡಿಸಿಕೊಳ್ಳುವವರೂ ಈ ಮೂರನ್ನು ಕುದುರೆಯ ಲಾಯದಿಂದ ಎರವಲು ಪಡೆದರೆ ತಪ್ಪೇನಿಲ್ಲ.

ಸಂಜೆ ಹೊಲದಿಂದ ಮರಳಿದ ತೇರಗಾಂವದ ರೈತ ತಾನು ನೀರು ಕುಡಿಯುವ ಮೊದಲು ನೊಗ ಇಳಿಸಿ, ಎತ್ತುಗಳಿಗೆ ನೀರು ತೋರಿಸಿ, ಗೋದಲಿಗೆ ಮೇವು ಹಾಕಿ, ನೊಗ ಒತ್ತಿದ ಜಾಗವನ್ನು ಅಂಗೈಯಿಂದ ಒಮ್ಮೆ ತಿಕ್ಕಿದನೆಂದರೆ, ಅವನು ಹೊಗಳಿಕೆಯ ಒಂದು ಮಾತೂ ಆಡಬೇಕಾಗಿಲ್ಲ. ಎತ್ತು ಕೊರಳು ಚಾಚುತ್ತದೆ.